ಬೆಳ್ಳಗಿರುವುದೆಲ್ಲ ಹಾಲಲ್ಲ, ಬಿಳಿ ಚಹಾ ಬೆಳ್ಳಗಿಲ್ಲ

ಗದಗ ತಾಲ್ಲೂಕಿನ ಕೋಟುಮಚಗಿಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಊರಿಗೆ ಬರುವಾಗ ಮೂರು ಪೊಟ್ಟಣ ಬಿಳಿ ಚಹಾ ತಂದಿದ್ದಾಳೆ. ಒಂದರಲ್ಲಿ ನೀಲಗಿರಿಯ ಎಳೆ ಮೊಗ್ಗು, ಈ ವರ್ಷದ್ದು. ಇನ್ನೊಂದರಲ್ಲಿ ಚೀನಾದ ಫುಜಿಯಾನ್ ಪ್ರಾಂತದ ಬಲಿತ ಎಲೆ. ಅದೂ ಈ ವರ್ಷದ್ದು. ಮೂರನೆಯದು ಅದೇ ಫುಜಿಯಾನಿನ, ಅದೇ ಜಾತಿಯ ಎಲೆ. ಆದರೆ ಏಳು ವರ್ಷ ಹಳೆಯದು.

ಅಪ್ಪ ಮೊದಲು ನೋಡಿದ್ದು ಬೆಲೆಯನ್ನು. "ತುಟ್ಟೀದು ಯಾವುದೈತಿ ಅದನ್ನ ಮಾಡವಾ, ಅದಽ ಚಲೋ ಇರತೈತಿ" ಎಂದರು. ಅಜ್ಜಿ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು. "ಇದೇನವಾ, ಹಾಲಿಲ್ಲ, ಸಕ್ಕರಿ ಇಲ್ಲ. ಬಿಸಿನೀರಾಗ ಹುಲ್ಲು ಅದ್ದಿದಂಗ ಐತಿ."

ಇಬ್ಬರ ಮಾತಿನಲ್ಲೂ ತಪ್ಪಿಲ್ಲ, ಆದರೆ ಇಬ್ಬರೂ ಇನ್ನೂ ರುಚಿ ನೋಡಿಲ್ಲ. ಅಪ್ಪ ಬೆಲೆಯ ರುಚಿ ನೋಡಿದರು, ಅಜ್ಜಿ ತಮ್ಮ ದಿನನಿತ್ಯದ ಚಹಾದ ನೆನಪಿನ ರುಚಿ ನೋಡಿದರು. ಹಾಗಾದರೆ ಬಟ್ಟಲಿನಲ್ಲಿರುವುದರ ರುಚಿ ನೋಡುವುದು ಹೇಗೆ?

ಮೊದಲು ಬಿಳಿ ಚಹಾ ಎಂದರೇನು ಎಂಬುದನ್ನು ತಿಳಿಯಬೇಕು. ಕಪ್ಪು, ಹಸಿರು, ಬಿಳಿ ಚಹಾಗಳೆಲ್ಲ ಒಂದೇ ಗಿಡದವು. ಕಮೆಲಿಯಾ ಸಿನೆನ್ಸಿಸ್ ಎಂಬುದು ಅದರ ಸಸ್ಯಶಾಸ್ತ್ರೀಯ ಹೆಸರು. ಕೊಯ್ದ ಎಲೆಯನ್ನು ಹೊಸೆದು, ಗಾಳಿಯಲ್ಲಿ ಕಂದು ಬಣ್ಣಕ್ಕೆ ತಿರುಗಲು ಬಿಟ್ಟರೆ ಕಪ್ಪು ಚಹಾ. ಕೂಡಲೇ ಬಾಣಲೆಯಲ್ಲಿ ಹುರಿದೋ ಹಬೆಯಲ್ಲಿ ಬೇಯಿಸಿಯೋ ಹಸಿರನ್ನು ಉಳಿಸಿಕೊಂಡರೆ ಹಸಿರು ಚಹಾ. ಬಿಳಿ ಚಹಾಕ್ಕೆ ಇವೆರಡೂ ಇಲ್ಲ. ಹೊಸೆಯುವುದಿಲ್ಲ, ಹುರಿಯುವುದಿಲ್ಲ, ಬಾಡಿಸಿ ಒಣಗಿಸುವುದಷ್ಟೇ. ಎಳೆ ಮೊಗ್ಗಿನ ಮೇಲೆ ಬೆಳ್ಳಿಯಂಥ ನವಿರಾದ ರೋಮಗಳಿರುತ್ತವೆ. ಅದರಿಂದಲೇ ಬಿಳಿ ಎಂಬ ಹೆಸರು. ಬಟ್ಟಲಿಗೆ ಬಂದಾಗ ಅದರ ಬಣ್ಣ ತಿಳಿ ಹಳದಿ.

ಇದರ ತವರು ಫುಜಿಯಾನಿನ ಫುದಿಂಗ್ ಮತ್ತು ಝೆಂಗ್‌ಹೆ. ಬರೀ ಮೊಗ್ಗಿನಿಂದ ಮಾಡಿದ್ದನ್ನು ಅಲ್ಲಿ ಬೆಳ್ಳಿ ಸೂಜಿ ಎನ್ನುತ್ತಾರೆ. ಮೊಗ್ಗಿನೊಡನೆ ಒಂದೆರಡು ಎಲೆ ಸೇರಿದರೆ ಬೈ ಮುದಾನ್, ಹೆಚ್ಚು ಬಲಿತ ಎಲೆಯದು ಶೌ ಮೇ. ಇಂದು ಡಾರ್ಜಿಲಿಂಗ್, ನೀಲಗಿರಿ, ಶ್ರೀಲಂಕಾಗಳಲ್ಲೂ ಬಿಳಿ ಚಹಾ ತಯಾರಾಗುತ್ತದೆ. ಕರ್ನಾಟಕದಲ್ಲಿ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಲ್ಲಿ ಚಹಾ ತೋಟಗಳಿದ್ದರೂ ಅಲ್ಲಿ ಕಾಫಿಯದೇ ದೊಡ್ಡ ಪಾಲು.

ಇನ್ನು ಹಳೆಯದರ ಮಾತು. "ಒಂದು ವರ್ಷಕ್ಕೆ ಚಹಾ, ಮೂರು ವರ್ಷಕ್ಕೆ ಔಷಧ, ಏಳು ವರ್ಷಕ್ಕೆ ನಿಧಿ" ಎಂಬ ಮಾತು ಚೀನಾದ ಚಹಾ ವ್ಯಾಪಾರದಲ್ಲಿ ಚಾಲ್ತಿಯಲ್ಲಿದೆ. ಮಾರುವವರಿಗೆ ಇದಕ್ಕಿಂತ ಒಳ್ಳೆಯ ಮಾತು ಬೇಕಿಲ್ಲ. ಆದರೆ ಹಳತು, ಹೊಸತು ಎಂಬ ವಿಷಯದಲ್ಲಿ ಕೋಟುಮಚಗಿಯ ಅಜ್ಜಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಣಸೆಹಣ್ಣು ಹಳತಾಗಿ ಕಪ್ಪಾದರೂ ಸಾರಿಗೆ ಬರುತ್ತದೆ. ಅದೇ ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ಈ ಕರಿಮಣ್ಣಿನ ಸೀಮೆಯಲ್ಲಿ ಹಿಂದೆ ಜೋಳವನ್ನು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದರು. ಒಳಗೆ ನೀರು ಸೇರದಿದ್ದರೆ ಬರಗಾಲದಲ್ಲಿ ಆ ಜೋಳವೇ ಆಧಾರ. ತೇವ ಸೇರಿದರೆ ಬೂಷ್ಟು ಹಿಡಿದ ಕಾಳು. ಹಳತಾದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಿರ್ಧರಿಸುವುದು ವರ್ಷಗಳ ಲೆಕ್ಕವಲ್ಲ. ವಸ್ತು ಯಾವುದು, ಕಾಯ್ದದ್ದು ಹೇಗೆ ಎಂಬುದು.

ಬಿಳಿ ಚಹಾಕ್ಕೂ ಇದೇ ಮಾತು. ಒಣ ಜಾಗದಲ್ಲಿ, ಬಿಸಿಲು ಮತ್ತು ಬೇರೆ ವಾಸನೆ ತಾಗದಂತೆ ಇಟ್ಟರೆ ಅದು ನಿಧಾನವಾಗಿ ಬದಲಾಗುತ್ತದೆ. ಹೊಸ ಚಹಾಕ್ಕೆ ಒಗರು ಕೊಡುವ ಕೆಟೆಚಿನ್‌ಗಳು ಕಡಿಮೆಯಾಗುತ್ತ ಬರುತ್ತವೆ. ಬಣ್ಣ ತಿಳಿ ಹಳದಿಯಿಂದ ಜೇನಿಗೆ, ಜೇನಿನಿಂದ ತಾಮ್ರಕ್ಕೆ ತಿರುಗುತ್ತದೆ. ಚೀನಾದ ವಿಜ್ಞಾನಿಗಳು ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಒಂದು ಸ್ವಾರಸ್ಯವನ್ನು ತೋರಿಸಿತು. ಎಲೆಯಲ್ಲಿರುವ ಥಿಯನೈನ್ ಎಂಬ ಅಮೈನೊ ಆಮ್ಲದಿಂದ ಹುಟ್ಟಿದ ಅಂಶ ಕೆಟೆಚಿನ್‌ಗಳೊಡನೆ ಕೂಡಿ ಹೊಸ ಸಂಯುಕ್ತಗಳಾಗುತ್ತವೆ. ಚಹಾ ಹಳತಾದಂತೆ ಅವುಗಳ ಪ್ರಮಾಣ ಏರುತ್ತದೆ. ಅಂದರೆ ವಯಸ್ಸು ಎಲೆಯಲ್ಲಿ ನಿಜವಾಗಿಯೂ ಗುರುತು ಬಿಡುತ್ತದೆ. ಆದರೆ ಬದಲಾಗಿದೆ ಎಂಬುದು ಬೇರೆ, ಔಷಧವಾಗಿದೆ ಎಂಬುದು ಬೇರೆ. ಎಲೆಯನ್ನು ಬಿಸಿ ಮಾಡಿ, ತೇವದಲ್ಲಿಟ್ಟು ಬೇಗ ಕಪ್ಪಾಗಿಸಿ 'ಹಳೆಯದು' ಎಂದು ಮಾರುವವರೂ ಇದ್ದಾರೆ.

ಈಗ ಮಗಳು ಮಾಡಿದ ಕೆಲಸ ನೋಡಿ. ಚಮಚೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಡಿ ಎಲೆ ಉಬ್ಬಿಕೊಂಡಿರುತ್ತದೆ, ಮೊಗ್ಗು ಅಷ್ಟು ಉಬ್ಬುವುದಿಲ್ಲ. ಅದಕ್ಕೆ ಅವಳು ಓಣಿಯ ಪತ್ತಾರರ ಬಳಿ ಹೋಗಿ ಬಂಗಾರ ತೂಗುವ ತಕ್ಕಡಿಯಲ್ಲಿ ಮೂರನ್ನೂ ಮೂರು ಮೂರು ಗ್ರಾಂ ತೂಗಿಸಿಕೊಂಡು ಬಂದಳು. ಒಂದೇ ಬಗೆಯ ಮೂರು ಬಿಳಿ ಬಟ್ಟಲು, ತಲಾ ೧೫೦ ಮಿಲಿಲೀಟರ್ ಕುದಿಯುವ ನೀರು, ಮುಚ್ಚಳ, ಆರು ನಿಮಿಷ. ಈ ಅಳತೆ ಅವಳದಲ್ಲ. ರುಚಿ ಪರೀಕ್ಷೆಗಾಗಿ ಚಹಾ ಸೋಸುವ ಬಗೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ೧೯೮೦ರಲ್ಲಿ ಹೊರಡಿಸಿ ೨೦೧೯ರಲ್ಲಿ ಪರಿಷ್ಕರಿಸಿದ ಮಾನಕವಿದೆ. ೧೦೦ ಮಿಲಿಲೀಟರಿಗೆ ೨ ಗ್ರಾಂ, ಆರು ನಿಮಿಷ ಎಂಬುದು ಅದರ ಲೆಕ್ಕ. ಇದೇ ಬಗೆಯ ಬ್ರಿಟಿಷ್ ಮಾನಕ ಆರು ಪುಟ ಬರೆದದ್ದಕ್ಕಾಗಿ ೧೯೯೯ರಲ್ಲಿ ನಗೆಯ ನೊಬೆಲ್ ಎನಿಸಿದ ಇಗ್ ನೊಬೆಲ್ ಸಾಹಿತ್ಯ ಬಹುಮಾನವನ್ನೂ ಪಡೆಯಿತು! ಆದರೆ ಅದು ರುಚಿಕಟ್ಟಾದ ಚಹಾ ಮಾಡುವ ವಿಧಾನವಲ್ಲ, ಎಲ್ಲ ಚಹಾಗಳನ್ನೂ ಒಂದೇ ಅಳತೆಗೆ ಒಳಪಡಿಸುವ ವಿಧಾನ. ತಪ್ಪುಗಳೂ ಎದ್ದು ಕಾಣಲಿ ಎಂದೇ ಅಷ್ಟು ಗಡುಸಾಗಿ ಸೋಸುತ್ತಾರೆ.

ಬಟ್ಟಲುಗಳ ಅಡಿಗೆ ಅವಳು ಚೀಟಿ ಅಂಟಿಸಿದಳು. ಯಾವುದು ಯಾವುದೆಂದು ಯಾರಿಗೂ ಗೊತ್ತಿಲ್ಲ. ತಾನೂ ಮರೆಯಲೆಂದು ತಮ್ಮನಿಂದ ಬಟ್ಟಲುಗಳ ಜಾಗ ಬದಲಿಸಿದಳು. ಒಬ್ಬರ ಮಾತು ಇನ್ನೊಬ್ಬರ ನಾಲಿಗೆಯನ್ನು ಎಳೆಯುತ್ತದೆ. ಆದ್ದರಿಂದ ಮಾತಾಡುವ ಮೊದಲು ಎಲ್ಲರೂ ಬರೆಯಬೇಕು. ಬರೆಯಲು ಬಾರದ ಅಜ್ಜಿ ಮೊಮ್ಮಗನ ಕಿವಿಯಲ್ಲಿ ಹೇಳಬೇಕು.

ಅಪ್ಪ ಕೊನೆಯ ಸ್ಥಾನ ಕೊಟ್ಟದ್ದು ತುಟ್ಟಿಯ ಮೊಗ್ಗಿಗೇ. ಅದರ ರುಚಿ ಬಲು ನಯ. ಸಕ್ಕರೆ ಹಾಲಿನ ಚಹಾಕ್ಕೆ ಪಳಗಿದ ನಾಲಿಗೆಗೆ ಅದು ಸಪ್ಪೆ ಎನಿಸುವುದು ಸಹಜ. ಅಜ್ಜಿ ತಾಮ್ರದ ಬಣ್ಣದ ಬಟ್ಟಲನ್ನು ಮೂಸಿ, "ಒಣಗಿಸಿದ ಬಾರಿಹಣ್ಣಿನ ವಾಸನಿ ಐತಿ ಇದಕ್ಕ" ಎಂದರು. ಚೀನಾದ ರುಚಿಗಾರರೂ ಹಳೆಯ ಬಿಳಿ ಚಹಾದಲ್ಲಿ ಹುಡುಕುವುದು ತಮ್ಮ ದೇಶದ ಬಾರಿಹಣ್ಣಿನ ಪರಿಮಳವನ್ನೇ. ಗದುಗಿನ ಹೊಲದ ಬದುವಿನ ಬಾರಿಹಣ್ಣು ಅದರ ದಾಯಾದಿ. ಒಗರು, ಜೇನು, ಉತ್ತತ್ತಿ, ಹಸಿ ರವದಿ, ಮೊದಲ ಮಳೆಯ ಮಣ್ಣು, ಈ ಮಾತುಗಳೇ ಸಾಕು. ರುಚಿಯನ್ನು ಹೇಳಲು ಕಾಣದ ಹೂವಿನ ಹೆಸರು ಬೇಕಿಲ್ಲ.

"ಹಂಗಾರ ಹಳೇದಽ ಚಲೋ ಅಂತಾತು" ಎಂದರು ಅಪ್ಪ. ಮಗಳು ಒಪ್ಪಲಿಲ್ಲ. ನೀಲಗಿರಿಯ ಹೊಸ ಮೊಗ್ಗನ್ನೂ ಫುಜಿಯಾನಿನ ಹಳೆ ಎಲೆಯನ್ನೂ ಎದುರಿಟ್ಟರೆ ಅಲ್ಲಿ ಊರು ಬೇರೆ, ಮೊಗ್ಗು ಎಲೆಯ ವ್ಯತ್ಯಾಸ ಬೇರೆ, ವಯಸ್ಸೂ ಬೇರೆ. ವ್ಯತ್ಯಾಸ ಯಾವುದರಿಂದ ಬಂತು ಎಂದು ಹೇಳುವುದು ಹೇಗೆ? ಒಂದೇ ಕಡೆಯ ಹೊಸ ಎಲೆ ಮತ್ತು ಹಳೆ ಎಲೆಯನ್ನು ಎದುರಿಟ್ಟಾಗ ಮಾತ್ರ ವಯಸ್ಸಿನ ಮಾತಾಡಬಹುದು. ಅದೂ ಒಂದು ಸಲದ ಪರೀಕ್ಷೆಯಿಂದಲ್ಲ. ಒಂದು ಬಾರಿಗೆ ಒಂದನ್ನೇ ಬದಲಿಸು, ಉಳಿದದ್ದನ್ನು ಹಾಗೇ ಇಡು ಎಂಬ ಪ್ರಯೋಗಶಾಲೆಯ ನಿಯಮ ಅಡುಗೆಮನೆಗೂ ಸಲ್ಲುತ್ತದೆ.

ಮರುದಿನ ಅವಳು ಎಲೆಯನ್ನು ಒಂದೇ ಇಟ್ಟು ನೀರನ್ನು ಬದಲಿಸಿದಳು. ಒಂದಕ್ಕೆ ಕೊಳವೆಬಾವಿಯ ನೀರು, ಇನ್ನೊಂದಕ್ಕೆ ಶುದ್ಧೀಕರಣ ಘಟಕದ ನೀರು. ಗಡುಸು ನೀರಿನ ಚಹಾ ಮಂಕಾಗಿ, ಮೇಲೆ ತೆಳುವಾದ ಕೆನೆಯಂಥ ಪೊರೆ ಕಟ್ಟಿತು. ಎಷ್ಟೋ ಸಲ ಜನ ಚಹಾದ ಪುಡಿಯನ್ನು ಬೈಯುವುದು ನೀರಿನ ತಪ್ಪಿಗೆ.

ನೀರಿನ ಮಾತು ಬಂದಾಗ ಗದಗ ಜಿಲ್ಲೆಯ ತಂದೆತಾಯಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ರಾಜ್ಯದಲ್ಲಿ ಅಂತರ್ಜಲಕ್ಕೆ ಫ್ಲೋರೈಡ್ ಸೇರಿರುವ ಜಿಲ್ಲೆಗಳಲ್ಲಿ ಗದಗವೂ ಒಂದು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೆ ೧.೫ರವರೆಗೆ ಸಹಿಸಬಹುದು. ಚಹಾ ಗಿಡ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಎಳೆ ಮೊಗ್ಗಿಗಿಂತ ಬಲಿತ ಎಲೆಯಲ್ಲಿ ಅದು ಹೆಚ್ಚು. ಟಿಬೆಟಿನಲ್ಲಿ ಒರಟು ಎಲೆಯ ಇಟ್ಟಿಗೆ ಚಹಾವನ್ನು ದಿನವಿಡೀ ಕುಡಿಯುವವರಲ್ಲಿ ಫ್ಲೋರೋಸಿಸ್ ಕಂಡುಬಂದಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಬಲಿತ ಎಲೆಯ ಹಳೆ ಚಹಾವನ್ನು ಔಷಧವೆಂದು ದಿನಕ್ಕೆ ನಾಲ್ಕಾರು ಬಟ್ಟಲು ಕುದಿಸಿ ಕುಡಿಯುವುದು ಈ ಸೀಮೆಯಲ್ಲಿ ಜಾಣತನವಲ್ಲ.

ಬಣ್ಣ ತಿಳಿಯಾಗಿದೆ ಎಂದು ಮಕ್ಕಳಿಗೆ ಧಾರಾಳವಾಗಿ ಕೊಡುವಂತೆಯೂ ಇಲ್ಲ. ಕೆಫೀನ್ ಎಳೆ ಮೊಗ್ಗಿನಲ್ಲೂ ಧಾರಾಳವಾಗಿರುತ್ತದೆ. ಊಟದೊಡನೆ ಕುಡಿದ ಚಹಾ, ಸೊಪ್ಪು ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಬೆಳೆಯುವ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ. ರುಚಿ ಪರೀಕ್ಷೆಗೆ ಒಂದೊಂದು ಚಮಚೆ ಸಾಕು. ಚಹಾ ಪರೀಕ್ಷೆಯನ್ನೇ ಉದ್ಯೋಗ ಮಾಡಿಕೊಂಡವರು ಸೊರ್ರನೆ ಹೀರಿ, ಬಾಯಲ್ಲಿ ಆಡಿಸಿ, ಉಗುಳಿಬಿಡುತ್ತಾರೆ.

ಬಿಳಿ ಚಹಾ ಸಿಗದವರು ಬೇಸರಪಡಬೇಕಿಲ್ಲ. ಹೊಸ ಬೆಲ್ಲ ಮತ್ತು ಕಳೆದ ವರ್ಷದ ಬೆಲ್ಲ, ನಿನ್ನೆ ಬೀಸಿದ ಹಿಟ್ಟು ಮತ್ತು ತಿಂಗಳ ಹಿಂದಿನ ಹಿಟ್ಟು, ಯಾವುದಾದರೂ ಆದೀತು. ತೂಗಿ, ಹೆಸರು ಮುಚ್ಚಿಟ್ಟು, ಒಂದನ್ನೇ ಬದಲಿಸಿ, ಮೊದಲು ಬರೆದು ಆಮೇಲೆ ಮಾತಾಡಿ. ಮುಂದಿನ ರಜೆಗೆ ಆ ಹುಡುಗಿ ಬಂದಾಗ ಅಜ್ಜಿ ತಾವೇ ಎರಡು ತಾಟಿನಲ್ಲಿ ಎರಡು ಬಗೆಯ ರೊಟ್ಟಿ ಇಟ್ಟು, ಅರಿವೆ ಮುಚ್ಚಿ ಕಾಯುತ್ತಿದ್ದಾರು: "ಹೇಳವಾ ಈಗ, ಹೊಸ ಹಿಟ್ಟಿಂದು ಯಾವುದು?"