ಅತ್ತೂರಿನಲ್ಲಿ ಮೇಲೇಳದ ಮೂರ್ತಿ

ಕಾರ್ಕಳದ ಪಕ್ಕದ ಅತ್ತೂರಿನಲ್ಲಿ ಜನವರಿ ಬಂತೆಂದರೆ ಸಾಂತ್‌ಮಾರಿ, ಅಲ್ಲಿನ ಸಂತ ಲಾರೆನ್ಸರ ಚರ್ಚಿನ ಜಾತ್ರೆ. ಸಂತ ಲಾರೆನ್ಸರ ಹಬ್ಬ ಕ್ಯಾಲೆಂಡರಿನಲ್ಲಿರುವುದು ಆಗಸ್ಟ್ 10ಕ್ಕೆ. ಆದರೆ ಕರಾವಳಿಯ ಆಟಿ ಮಳೆಯಲ್ಲಿ ಮೇಣದಬತ್ತಿ ಹೊತ್ತಿಸಿ ನಿಲ್ಲಿಸಿದವರುಂಟೇ? ಬೇಸಾಯದ ಕೆಲಸ ಹಗುರಾದ ಜನವರಿಯ ದಿನಗಳಲ್ಲಿ ಕ್ರೈಸ್ತರ ಜೊತೆ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಹರಕೆಯ ಬತ್ತಿ ಉರಿಸುತ್ತಾರೆ, ಪುಷ್ಕರಿಣಿಯ ನೀರು ಮುಟ್ಟುತ್ತಾರೆ, ಮಿಠಾಯಿ ಕಟ್ಟಿಸಿಕೊಂಡು ಮನೆಗೆ ಹೊರಡುತ್ತಾರೆ.

ಇಲ್ಲಿ ಹಿಂದಿನಿಂದ ಹೇಳಿಕೊಂಡು ಬಂದ ಕಥೆಯೊಂದಿದೆ. ಟಿಪ್ಪುವಿನ ಸೆರೆಯಿಂದ ಬಿಡಿಸಿಕೊಂಡು ಬಂದವರು ಇಗರ್ಜಿ ಕಟ್ಟಲು ಜಾಗ ಹುಡುಕುತ್ತಿದ್ದರಂತೆ. ಕೈಯಲ್ಲಿದ್ದದ್ದು ಲಾರೆನ್ಸರ ಒಂದಡಿಯ ಮರದ ಮೂರ್ತಿ. ಗುಡ್ಡದ ಬುಡದಲ್ಲಿ ಒರತೆ ಕಂಡಿತು. ಮೂರ್ತಿಯನ್ನು ನೆಲಕ್ಕಿಟ್ಟು ದಣಿವಾರಿಸಿಕೊಂಡರು, ಪ್ರಾರ್ಥಿಸಿದರು. ಹೊರಡುವಾಗ ಎತ್ತಿದರೆ ಅದು ಜಪ್ಪಯ್ಯ ಎಂದರೂ ಏಳಲಿಲ್ಲ. ಸರಿ, ಇದೇ ಜಾಗ ಎಂದರು.

ಕನ್ನಡಿಗರಿಗೆ ಈ ಕಥೆ ಎಲ್ಲೋ ಕೇಳಿದಂತಿರುತ್ತದೆ. ಸಂಧ್ಯಾವಂದನೆಗೆ ಹೊರಟ ರಾವಣ ಆತ್ಮಲಿಂಗವನ್ನು ದನಗಾಹಿ ಹುಡುಗನ ಕೈಗೆ ಕೊಟ್ಟ, ಹುಡುಗ ನೆಲಕ್ಕಿಟ್ಟ, ಗೋಕರ್ಣವಾಯಿತು. ರೋಮಿನಲ್ಲಿ 258ರಲ್ಲಿ ಹುತಾತ್ಮನಾದ ಸಂತ ತುಳುನಾಡಿನಲ್ಲಿ ನೆಲೆಯಾದ ಬಗೆಯೂ ಈ ನೆಲದ ದೇವರುಗಳದ್ದೇ. ಅಧಿಕಾರದ ಮುದ್ರೆಯೊತ್ತಿದ ಪತ್ರಕ್ಕಿಂತ ಇಲ್ಲಿನ ಜನಕ್ಕೆ ಅಲ್ಲಾಡದ ಮೂರ್ತಿಯೇ ಹೆಚ್ಚು ನಂಬಿಕೆಯ ಸಾಕ್ಷಿ.

ಇತಿಹಾಸದ ಲೆಕ್ಕ ಬೇರೆ. ಅತ್ತೂರಿನ ಚರ್ಚ್ ಮೊದಲು ಸ್ಥಾಪನೆಯಾದದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಆತ ಮಡಿದ ಮೇಲೆ ಬದುಕುಳಿದವರು ಮರಳಿದರು. ಈಗಿನ ಜಾಗದಲ್ಲಿ ಇಗರ್ಜಿ ಎದ್ದದ್ದು 1839ರಲ್ಲಿ. ನಡುವೆ ನಲವತ್ತು ವರ್ಷ! ಕಥೆ ಅದನ್ನೆಲ್ಲ ಒಂದೇ ನಡಿಗೆಯಲ್ಲಿ ದಾಟಿಬಿಡುತ್ತದೆ.

ಹಾಗೆಂದು ಕಥೆಯನ್ನು ಸುಳ್ಳೆಂದು ತಳ್ಳುವ ಪಂಡಿತರದ್ದೂ ಅವಸರವೇ. ಆ ಸೆರೆಯನ್ನು ಇಂದಿನ ಜಗಳಕ್ಕೆ ಕತ್ತಿ ಮಸೆಯಲು ಬಳಸುವವರದ್ದು ಇನ್ನೂ ಕೆಟ್ಟ ಅವಸರ. ಮನೆಮಠ ಕಳಕೊಂಡು ಬಂದವರ ನೆನಪಿನಿಂದ ಹುಟ್ಟಿದ ಕಥೆಯಲ್ಲಿ ಶತ್ರುವಿನ ಹೆಸರು ಬಂದುಹೋಗುವುದು ಒಂದೇ ಸಾಲಿನಲ್ಲಿ. ಉಳಿದದ್ದೆಲ್ಲ ಎಲ್ಲಿ ಕೂರುವುದು, ನೀರೆಲ್ಲಿದೆ ಎಂಬ ಚಿಂತೆ. ಸಾಗಿಸಲ್ಪಟ್ಟವರಿಗೆ ಸಾಗಿಸಲಾಗದ ಮೂರ್ತಿಯೇ ಬೇಕಾಯಿತೆಂಬುದನ್ನು ಯಾವ ದಾಖಲೆಯೂ ಇಷ್ಟು ಚುಟುಕಾಗಿ ಹೇಳಲಾರದು.

2016ರಲ್ಲಿ ಪೋಪ್ ಫ್ರಾನ್ಸಿಸ್ ಅತ್ತೂರನ್ನು ಬೆಸಿಲಿಕಾ ಪದವಿಗೆ ಏರಿಸಿದರು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ನಂತರ ರಾಜ್ಯದಲ್ಲಿ ಇದು ಎರಡನೆಯದು. ಪದವಿ ಬಂದ ಮೇಲೆ ಯಾವ ಕ್ಷೇತ್ರದಲ್ಲಾದರೂ ಕಥೆಗೆ ಒಂದೇ ಪಾಠ ಗಟ್ಟಿಯಾಗುತ್ತದೆ: ಕರಪತ್ರದ್ದು. ಕೊಂಕಣಿಯ ಅಜ್ಜಿ ಹೇಳುವಾಗ ಒಂದು ಬಗೆ, ತುಳುವಿನಲ್ಲಿ ಪಕ್ಕದ ಮನೆಯವರು ಹೇಳುವಾಗ ಇನ್ನೊಂದು ಬಗೆ ಇದ್ದೇ ಇರುತ್ತದೆ. ಜಾತ್ರೆಗೆ ಬರುವ ಹಿರಿಯರ ಮುಂದೆ ರೆಕಾರ್ಡರ್ ಹಿಡಿದು ಕೂತು ಇವನ್ನೆಲ್ಲ ದಾಖಲಿಸಲು ನಮ್ಮ ವಿಶ್ವವಿದ್ಯಾಲಯಗಳಿಗೆ ಎಂಥ ದೊಡ್ಡ ಅನುದಾನ ಬೇಕು? ನಾಲ್ಕು ವಿದ್ಯಾರ್ಥಿಗಳು, ಒಂದು ವಾರ. ಜನವರಿಯಲ್ಲಿ ಅಲ್ಲಿ ಮಳೆಯೂ ಇರುವುದಿಲ್ಲ.