ಯಂತ್ರದ ದಿನಚರಿ ಎಲ್ಲಿರಬೇಕು?

ಗಣಕಯಂತ್ರವೂ ದಿನಚರಿ ಬರೆಯುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅರಿಯರು. ಯಾರು ಯಾವಾಗ ಒಳಹೊಕ್ಕರು, ಯಾವ ಕೆಲಸ ಕೆಟ್ಟಿತು, ಡಿಸ್ಕಿನಲ್ಲಿ ದೋಷವುಂಟಾಯಿತೆ ಎಂಬುದನ್ನೆಲ್ಲ ಅದು ಸಾಲುಸಾಲಾಗಿ ಗುರುತು ಹಾಕಿಕೊಳ್ಳುವುದು. ಇದಕ್ಕೆ ಲಾಗ್ ಎಂದು ಹೆಸರು. ಈ ದಿನಚರಿಯನ್ನು ಅದೇ ಯಂತ್ರದಲ್ಲಿ ಮಾತ್ರ ಇಡುವುದು ಕಳ್ಳನ ಕೈಗೆ ಬೀಗದಕೈ ಕೊಟ್ಟಂತೆಯೇ ಸರಿ. ಯಂತ್ರವನ್ನು ವಶಮಾಡಿಕೊಂಡವನು ತನ್ನ ಹೆಜ್ಜೆಗುರುತುಗಳನ್ನೂ ಅಳಿಸಬಲ್ಲನು. ಡಿಸ್ಕು ಕೆಟ್ಟರೆ, ಕೆಟ್ಟ ಕಾರಣವೂ ಅದರೊಡನೆಯೇ ಹೋಗುವುದು.

೧೯೮೬ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ನಡೆದುದನ್ನು ನೋಡಿರಿ. ಗಣಕಯಂತ್ರದ ಬಳಕೆಯ ಲೆಕ್ಕದಲ್ಲಿ ೭೫ ಸೆಂಟುಗಳ ವ್ಯತ್ಯಾಸ ಕಂಡಿತು. ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅವರು ಅದರ ಮೂಲವನ್ನು ಹುಡುಕಲು, ಹೊರಗಿನವನೊಬ್ಬನು ನುಸುಳಿರುವುದು ತಿಳಿಯಿತು. ಅವರು ಹೊರಗಿನಿಂದ ಬರುವ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿದರು. ನುಸುಳಿದವನು ಒತ್ತಿದ ಅಕ್ಷರಗಳು ಕಾಗದದ ಮೇಲೆ ಮೂಡಿದವು. ಗಣಕದೊಳಗೆ ಎಷ್ಟು ಅಧಿಕಾರ ದೊರೆತರೂ ಆ ಕಾಗದವು ಅವನ ಕೈಗೆ ಎಟುಕಲಿಲ್ಲ. ಜಾಡು ಕೊನೆಗೆ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು.

ಆ ಕಾಗದದ ಕೆಲಸವನ್ನು ಇಂದು ಲಾಗ್ ಸರ್ವರ್ ಮಾಡುತ್ತದೆ. ೧೯೮೦ರ ದಶಕದಲ್ಲಿ ಎರಿಕ್ ಆಲ್ಮನ್ ರೂಪಿಸಿದ ಸಿಸ್‌ಲಾಗ್ ಪದ್ಧತಿಯಂತೆ, ಪ್ರತಿಯೊಂದು ಯಂತ್ರವೂ ಬರೆದ ಸಾಲನ್ನು ಆ ಕ್ಷಣವೇ ಜಾಲದ ಮೂಲಕ ಅದಕ್ಕೆ ಕಳುಹಿಸುವುದು. ಯುಡಿಪಿ ಎಂಬ ವಿಧಾನದಲ್ಲಿ ಕಳುಹಿಸುವುದು ಸಾಧಾರಣ ಅಂಚೆಯಿದ್ದಂತೆ. ಮುಟ್ಟಿತೋ ಇಲ್ಲವೋ ತಿಳಿಯದು. ಟಿಸಿಪಿಯಾದರೋ ಸ್ವೀಕೃತಿ ಸಹಿತವಾದ ರಿಜಿಸ್ಟರ್ಡ್ ಅಂಚೆ. ಟಿಎಲ್‌ಎಸ್ ಸೇರಿದರೆ ಲಕೋಟೆಗೆ ಅರಗಿನ ಮುದ್ರೆಯೂ ಬಿದ್ದಂತೆ. ಎಲ್ಲ ಯಂತ್ರಗಳ ಗಡಿಯಾರವೂ ಒಂದೇ ಆಗಿರಬೇಕು. ಇಲ್ಲವಾದರೆ ಯಾವುದು ಮೊದಲು ನಡೆಯಿತೆಂದು ಹೇಳಲಾಗದು. ಭಾರತದ ಸರ್ಟ್-ಇನ್ ಸಂಸ್ಥೆಯು ೨೦೨೨ರಲ್ಲಿ ನೀಡಿದ ನಿರ್ದೇಶನದಲ್ಲಿ, ಲಾಗುಗಳನ್ನು ೧೮೦ ದಿನ ಕಾಪಾಡಬೇಕೆಂದೂ ಗಡಿಯಾರಗಳನ್ನು ಹೊಂದಿಸಬೇಕೆಂದೂ ಇದೆ.

ಇದೆಲ್ಲ ದೊಡ್ಡ ಸಂಸ್ಥೆಗಳಿಗೆ ಮಾತ್ರವೆಂದು ಕೆಲವರು ಹೇಳಬಹುದು. ಕಾಲೇಜಿನ ಮೂಲೆಯಲ್ಲಿರುವ ಹಳೆಯ ಗಣಕಕ್ಕೆ ಲಿನಕ್ಸ್ ಮತ್ತು ಆರ್‌ಸಿಸ್‌ಲಾಗ್ ಹಾಕಿದರೆ ಸಾಕು, ಎರಡಕ್ಕೂ ಬೆಲೆಯಿಲ್ಲ. ಅದರ ಗುಪ್ತಪದ ಮಾತ್ರ ಬೇರೆಯಾಗಿರಬೇಕು. ಇನ್ನೊಂದು ಆಕ್ಷೇಪಣೆಗೆ ತೂಕವುಂಟು: ಇದು ಎಲ್ಲರ ಮೇಲೆ ಕಣ್ಣಿಡುವ ಸಾಧನವಾಗಬಾರದು. ಏನನ್ನು ಬರೆಯಲಾಗುತ್ತದೆ, ಯಾರು ಓದಬಹುದು, ಎಂದು ಅಳಿಸಲಾಗುವುದು ಎಂಬ ನಿಯಮವನ್ನು ಗೋಡೆಯ ಮೇಲೆ ಅಂಟಿಸಿರಬೇಕು.

ಪ್ರಯೋಗಾಲಯದಲ್ಲಿ ಕಡತಗಳು ಮಾಯವಾದರೆ, ಆ ಯಂತ್ರದ ಮುಂದೆ ಕೊನೆಗೆ ಕುಳಿತ ವಿದ್ಯಾರ್ಥಿಯ ಮೇಲೆ ಸಂಶಯ ಬೀಳುವುದು. ಡಿಸ್ಕೇ ಕೆಟ್ಟಿತೆಂಬ ಸಾಕ್ಷ್ಯ ಬೇರೊಂದು ಯಂತ್ರದಲ್ಲಿದ್ದರೆ ಅವನ ಮಾನ ಉಳಿಯುವುದು. ಆ ಸಾಕ್ಷಿಯನ್ನು ಮೊದಲೇ ನಿಲ್ಲಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಕೈಗೊಳ್ಳಲಿ.