ಕಾಡಿಗೆ ಹೋಗಬೇಡಿ ಅನ್ನುವವರು ಒಲೆಗೆ ಸೌದೆ ಕೊಡಲಿ

ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಮನೆಯ ಮಾಡಿನ ಮೇಲೆ ಮಂಗ ಬಂದರೆ ಅಮ್ಮ ಕೋಲು ಹಿಡಿದು ಓಡಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಕ್ಷೇತ್ರಕಾರ್ಯಕ್ಕೆಂದು ತೀರ್ಥಹಳ್ಳಿ ಕಡೆಯ ಹಸಲರ ಕೇರಿಯೊಂದಕ್ಕೆ ಹೋಗಿದ್ದಾಗ, ಮೇಲಿನ ಗುಡ್ಡದಲ್ಲಿ ಮಂಗವೊಂದು ಸತ್ತು ಬಿದ್ದಿದೆಯಂತೆ ಎಂಬ ಸುದ್ದಿ ಬಂತು. ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಅಂಗಳದ ಗೋಡೆಯಲ್ಲಿ ಒಂದು ಕರಪತ್ರ ಅಂಟಿಸಿತ್ತು. ಅಜ್ಜಿಯೊಬ್ಬರು ಓದಿ ಹೇಳು ಅಂದರು. 'ಕಾಡಿಗೆ ಹೋಗಬೇಡಿ, ಸೌದೆ ತರಬೇಡಿ, ದರಗು ಗುಡಿಸಬೇಡಿ' ಎಂದು ಓದಿದೆ. "ಹಂಗಾರೆ ಒಲೆಗೆ ಏನು ಹಾಕ್ಲಿ ಮಗಾ, ಈ ಕಾಗ್ದನಾ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಕರಪತ್ರ ಬರೆದವರ ಹತ್ತಿರವೂ ಇರಲಿಲ್ಲ ಅನ್ನುವುದು ನನ್ನ ತಕರಾರು.

ಮಂಗನ ಕಾಯಿಲೆ ನಮ್ಮ ಜಿಲ್ಲೆ ಜಗತ್ತಿಗೆ ಕೊಟ್ಟ ಹೆಸರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಧಾವಿಸಿ ಬಂದರು. ಮಂಗಗಳೂ ಸಾಯುತ್ತಿದ್ದುದರಿಂದ ಇದು ಹಳದಿ ಜ್ವರ ಇರಬಹುದೆಂಬ ಅನುಮಾನವಿತ್ತು. ಅದು ಏಷ್ಯಾಕ್ಕೆ ಕಾಲಿಟ್ಟರೆ ಗತಿಯೇನು ಎಂಬ ದಿಗಿಲೂ ಇತ್ತು. ಹಳದಿ ಜ್ವರ ಅಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಗೊತ್ತಾಯಿತು. ಜಗತ್ತಿನ ದಿಗಿಲು ಇಳಿಯಿತು. ಮಲೆನಾಡಿನ ಜ್ವರ ಇಳಿಯಲಿಲ್ಲ. (ಕ್ಯಾಸನೂರಿನ ಹೆಸರು ವೈದ್ಯಕೀಯ ಪಠ್ಯಗಳಲ್ಲಿದೆ. ಆ ಕಾಡಿನ ಪಕ್ಕ ಬದುಕುವವರ ಹೆಸರು ಎಲ್ಲಿದೆಯೋ!)

ಈ ರೋಗಕ್ಕೆ ಒಂದು ಋತು ಇದೆ. ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ ಎಳೆಯ ಉಣುಗು ಒಣಗಿದ ಎಲೆಗಳ ನಡುವೆ ಓಡಾಡಲು ಶುರುಮಾಡುತ್ತದೆ. ಮೇ ತನಕ ಅದರ ಕಾಟ. ಕಾಡಂಚಿನ ಬಡವರು ಅತಿ ಹೆಚ್ಚು ಕಾಡಿಗೆ ಹೋಗಬೇಕಾದ ತಿಂಗಳುಗಳೂ ಅವೇ. ಮಳೆಗಾಲಕ್ಕೆ ಸೌದೆ ಕೂಡಿಡಬೇಕು, ಕೊಟ್ಟಿಗೆಗೆ ದರಗು ತರಬೇಕು, ಜೇನು, ಶೀಗೆಕಾಯಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳಬೇಕು. ಎಷ್ಟೋ ಸಲ ಆ ದರಗು ಅವರ ಕೊಟ್ಟಿಗೆಗೂ ಅಲ್ಲ, ಕೂಲಿ ಕೊಡುವವರ ಅಡಿಕೆ ತೋಟಕ್ಕೆ. ಕಾಯಿಲೆ ಜಾತಿ ನೋಡುವುದಿಲ್ಲ, ಅಡಿಕೆ ಬೆಳೆಗಾರರನ್ನೂ ಕೊಂದಿದೆ, ನಿಜ. ಆದರೆ ಆರು ತಿಂಗಳು ಕಾಡಿನಿಂದ ದೂರ ಇರಬಲ್ಲ ಮನೆ ಯಾವುದು, ಇರಲಾರದ ಮನೆ ಯಾವುದು ಎಂಬುದಕ್ಕೆ ಜಾತಿಯೂ ಇದೆ, ಜಮೀನಿನ ಪಹಣಿಯೂ ಇದೆ.

1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಇದು ದೊಡ್ಡದಾಗಿ ಎದ್ದಾಗ ಅದರ ಹಿಂದೆ ಗೇರು ತೋಟಕ್ಕೆ ಕಾಡು ಕಡಿದ ಕಥೆಯಿತ್ತು. 2015ರಲ್ಲಿ ವಯನಾಡಿನಲ್ಲಿ ಹೆಚ್ಚಾಗಿ ನರಳಿದವರು ಆದಿವಾಸಿಗಳು. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವಿನ ಮೇಲೆ ಸಾವು. ಪ್ರತಿ ಸಲವೂ ಸಚಿವರು ಬಂದರು, ಮೈಗೆ ಹಚ್ಚುವ ಎಣ್ಣೆ ಹಂಚಿದರು, ಮಳೆ ಬಂತು, ಎಲ್ಲರೂ ಮರೆತರು.

ಲಸಿಕೆಯದಂತೂ ಇನ್ನೊಂದು ಕಥೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಚುಚ್ಚಿಸಿಕೊಳ್ಳಬೇಕು. ಎರಡು ಡೋಸು ಹಾಕಿಸಿಕೊಂಡವರಲ್ಲಿ ಅದರ ರಕ್ಷಣೆ ಸುಮಾರು 62% ಎಂದು ಅಧ್ಯಯನವೊಂದು 2013ರಲ್ಲೇ ಹೇಳಿತ್ತು. ಕೊನೆಗೆ 2022ರಲ್ಲಿ, ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಯಿತು. ಸಾಲದ ಲಸಿಕೆಯನ್ನು ನಿಲ್ಲಿಸಿದ್ದು ತಪ್ಪಲ್ಲ. ಕೈಯಲ್ಲಿ ಇನ್ನೊಂದು ಇಲ್ಲದೆ ನಿಲ್ಲಿಸುವ ಸ್ಥಿತಿಗೆ ಬಂದದ್ದು ತಪ್ಪು. ರೋಗ ಪತ್ತೆಯಾಗಿ ಆಗಲೇ 65 ವರ್ಷ ಆಗಿತ್ತು. ಈ ಕಾಯಿಲೆ ವಿಮಾನ ಹತ್ತಿ ಓಡಾಡುವವರಿಗೆ ಬಂದಿದ್ದರೆ ಇಷ್ಟು ಕಾಯಬೇಕಿತ್ತೇ? ಕೋವಿಡ್ ಲಸಿಕೆಗೆ ಒಂದು ವರ್ಷ ಸಾಕಾಯಿತಲ್ಲ.

ಹೊಸ ಲಸಿಕೆಯ ಕೆಲಸ ನಡೆದಿದೆ, ಬರಲಿ. ಅಲ್ಲಿಯವರೆಗೆ 'ಕಾಡಿಗೆ ಹೋಗಬೇಡಿ' ಎಂಬುದೇ ಸರ್ಕಾರದ ಮುಖ್ಯ ಔಷಧಿ ಆಗಿದ್ದರೆ, ಆ ಔಷಧಿಯ ಬೆಲೆಯನ್ನೂ ಸರ್ಕಾರವೇ ಕೊಡಬೇಕು. ಇದು ಹೊಸ ಮಾತೇನಲ್ಲ. ಮಳೆಗಾಲದಲ್ಲಿ ಕಾಡಿನ ದುಡಿಮೆ ಇರುವುದಿಲ್ಲವೆಂದು ಕಾಡು ನಂಬಿದ ಬುಡಕಟ್ಟುಗಳಿಗೆ ಪೌಷ್ಟಿಕ ಆಹಾರ ಕೊಡುವ ಕ್ರಮವನ್ನು ಈ ರಾಜ್ಯವೇ ಆರಂಭಿಸಿತು. ಮಳೆ ತಡೆದರೆ ಹೊಟ್ಟೆಗೆ ಕೊಡಬೇಕು ಎಂದು ಒಪ್ಪಿದ ಸರ್ಕಾರ, ತಾನೇ ತಡೆದಾಗ ಕೊಡುವುದಿಲ್ಲ ಎನ್ನುವುದು ಯಾವ ನ್ಯಾಯ? ರೋಗ ಕಂಡ ಪಂಚಾಯಿತಿಗಳ ಹಸಲರು, ಗೌಡಲು, ಮಲೆಕುಡಿಯರ ಮನೆಗಳಿಗೆ, ಹಾಗೆಯೇ ಭೂಮಿಯಿಲ್ಲದ ಎಲ್ಲ ಕೂಲಿಯವರಿಗೆ ಡಿಸೆಂಬರಿನಿಂದ ಮೇ ತನಕ ತಿಂಗಳ ಭತ್ಯೆ ಕೊಡಿ. ಗ್ಯಾಸ್ ಸಿಲಿಂಡರನ್ನು ತುಂಬಿಸಿಯೇ ಕೊಡಿ. ಖಾಲಿ ಸಿಲಿಂಡರು ಅಟ್ಟದ ಮೇಲೆ ಕೂತಿರುವುದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಉದ್ಯೋಗ ಖಾತ್ರಿಯ ಕೆಲಸವನ್ನು ಆ ತಿಂಗಳುಗಳಲ್ಲಿ ಕೇರಿಯ ಹತ್ತಿರವೇ ಕೊಡಿ.

ಚಿಕಿತ್ಸೆ ಉಚಿತ ಎಂದು 2024ರಲ್ಲಿ ಸರ್ಕಾರ ಹೇಳಿತು. ಒಳ್ಳೆಯದು. ಆದರೆ ಜ್ವರ ಬಂದವನನ್ನು ಗುಡ್ಡದಿಂದ ಇಳಿಸಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕರೆದೊಯ್ಯುವ ಜೀಪಿನ ಬಾಡಿಗೆ ಉಚಿತವಲ್ಲ. ಹಾಸಿಗೆ ಪಕ್ಕ ಕೂರುವ ಹೆಂಡತಿಯ ಕೂಲಿ ಹೋಗುತ್ತದೆ. ಆ ದುಡ್ಡಿನ ಲೆಕ್ಕ ಹಾಕುತ್ತಲೇ ಜನ ಜ್ವರದಲ್ಲಿ ನಾಲ್ಕು ದಿನ ಮನೆಯಲ್ಲೇ ಮಲಗುತ್ತಾರೆ. ರಕ್ತದ ಮಾದರಿ ಕೇರಿಯಲ್ಲೇ ತೆಗೆಯಲಿ, ವಾಹನ ಕೇರಿಗೇ ಬರಲಿ, ಜೊತೆಗಿರುವವರಿಗೂ ದಿನಗೂಲಿ ಸಿಗಲಿ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಒಂದು ಮಾತು. ಮಲೆನಾಡಿನ ಕಾಡಿನ ಮೇಲೆ ನಾವು ಬರೆದಷ್ಟು ಪ್ರಬಂಧ ಯಾರೂ ಬರೆದಿಲ್ಲ. ಆ ತರಗೆಲೆಯ ಸದ್ದು ಕೇಳಿ ಹೆದರುವವರ ಪರವಾಗಿ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಬರೆದಿದ್ದೇವೆಯೇ? ನಾನೂ ಬರೆದಿರಲಿಲ್ಲ. ಈಗ ಬರೆದಿದ್ದೇನೆ. ಸಹಿ ಹಾಕುವವರು ಮಳೆ ಮುಗಿಯುವ ಮೊದಲೇ ಹಾಕಬೇಕು. ನವೆಂಬರಿನಲ್ಲಿ ಕಡತ ಶುರುವಾದರೆ ಆದೇಶ ಬರುವ ಹೊತ್ತಿಗೆ ಮತ್ತೆ ಜೂನ್ ಆಗಿರುತ್ತದೆ.